ಮಲೆನಾಡಿನ ಮನೆಗೊಂದು ದೂರದರ್ಶಕ: ಆರಿಸುವುದು ಹೇಗೆ?

ದೂರದರ್ಶಕ ಕೊಳ್ಳುವ ಆಸೆಯಿದ್ದವರು ಅಂಗಡಿಗೆ ಹೋಗುವ ಮೊದಲು ಒಂದು ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಅಂಗಳಕ್ಕೆ ಬನ್ನಿ. ಎಷ್ಟು ಆಕಾಶ ಕಾಣುತ್ತದೆ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಿರುವುದು ತೋಟದ ಮಗ್ಗುಲಲ್ಲಿ, ಗುಡ್ಡದ ಬುಡದಲ್ಲಿ. ಅಡಿಕೆ ಮರಗಳ ತಲೆ, ಹಿಂದಿನ ಗುಡ್ಡ, ಪಕ್ಕದ ಹಲಸು ಎಲ್ಲ ಕಳೆದು ಉಳಿಯುವುದು ನೆತ್ತಿಯ ಮೇಲಿನ ಒಂದು ತುಂಡು. ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವ ಚಪ್ಪರದ ದೀಪ ಬೇರೆ. ಶಿವಮೊಗ್ಗ ಪೇಟೆಯಲ್ಲಿ ತಾರಸಿಯಿದ್ದರೂ ಬೀದಿದೀಪದ ಬೆಳಕು ಬಿಡುವುದಿಲ್ಲ. ಒಳ್ಳೆಯ ಆಕಾಶ ಬೇಕಾದರೆ ಕೊಯ್ಲಾದ ಗದ್ದೆಗೋ ಬೋಳುಗುಡ್ಡಕ್ಕೋ ಹೋಗಬೇಕು. ಆದ್ದರಿಂದ ಒಬ್ಬರೇ ಹೊತ್ತು ಗುಡ್ಡ ಹತ್ತಲಾಗದ ದೂರದರ್ಶಕ ನಮಗೆ ಬೇಡ. ಉಳಿದ ಲೆಕ್ಕಾಚಾರವೆಲ್ಲ ಇದರ ನಂತರದ್ದು.

ಆಕಾಶದ ಪರಿಚಯವೇ ಇಲ್ಲದವರು 7x50 ಅಥವಾ 10x50 ಬೈನಾಕ್ಯುಲರ್‌ನಿಂದ ಶುರು ಮಾಡುವುದು ಒಳ್ಳೆಯದು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮಸೂರದ ವ್ಯಾಸ, ಮಿಲಿಮೀಟರ್‌ನಲ್ಲಿ. ಬರಿಗಣ್ಣಿಗೆ ಆರೇಳು ಚುಕ್ಕೆಯಾಗಿ ಕಾಣುವ ಕೃತ್ತಿಕೆ ಇದರಲ್ಲಿ ಹತ್ತಾರು ನಕ್ಷತ್ರಗಳ ಗೊಂಚಲಾಗುತ್ತದೆ. ಮುಂದೆ ದೂರದರ್ಶಕ ಬಂದರೂ ಬೈನಾಕ್ಯುಲರ್ ಮೂಲೆ ಸೇರುವುದಿಲ್ಲ.

ದೂರದರ್ಶಕವೇ ಬೇಕೆಂದರೆ ಮೊದಲು ಕೇಳಬೇಕಾದದ್ದು ಮಸೂರದ ಅಥವಾ ಕನ್ನಡಿಯ ವ್ಯಾಸ. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗುವುದು ಹೆಚ್ಚೆಂದರೆ ಸುಮಾರು 7 ಮಿ.ಮೀ. 70 ಮಿ.ಮೀ. ಮಸೂರ ಅದರ ನೂರು ಪಟ್ಟು ಬೆಳಕು ಹಿಡಿಯುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘525 ಪಟ್ಟು’ ಎಂದಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ವ್ಯಾಸದ ಮಿಲಿಮೀಟರ್ ಸಂಖ್ಯೆಯ ಎರಡರಷ್ಟು, ಅಂದರೆ 70 ಮಿ.ಮೀ.ಗೆ 140 ಪಟ್ಟು, ಇದೇ ಹೆಚ್ಚಿನ ಮಿತಿ. ಅದನ್ನು ದಾಟಿದರೆ ಚಿತ್ರ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಎಷ್ಟು ಪಟ್ಟು ಎಂಬ ಲೆಕ್ಕ ಸುಲಭ: ಮಸೂರದ ಸಂಗಮದೂರವನ್ನು (ಮಸೂರದಿಂದ ಬೆಳಕು ಒಂದು ಬಿಂದುವಿನಲ್ಲಿ ಕೂಡುವವರೆಗಿನ ಅಂತರ) ಐಪೀಸ್‌ನ, ಅಂದರೆ ಕಣ್ಣಿಡುವ ಕಡೆಯ ಪುಟ್ಟ ಮಸೂರದ, ಸಂಗಮದೂರದಿಂದ ಭಾಗಿಸಿ. 700 ಮಿ.ಮೀ. ದೂರದರ್ಶಕಕ್ಕೆ 25ರ ಐಪೀಸ್ ಹಾಕಿದರೆ 28 ಪಟ್ಟು, 10ರದ್ದು ಹಾಕಿದರೆ 70 ಪಟ್ಟು. ಶನಿಯ ಬಳೆ, ಗುರುವಿನ ಮೈಮೇಲಿನ ಪಟ್ಟೆ ನೋಡಲು ಇಷ್ಟು ಸಾಕು. ಐಪೀಸ್ ಕೂರಿಸುವ ಕೊಳವೆ 1.25 ಇಂಚಿನದಾಗಿರಲಿ, ಮುಂದೆ ಬೇರೆ ಐಪೀಸ್ ಕೊಳ್ಳುವಾಗ ತೊಂದರೆಯಾಗದು.

ಹೊಸಬರು ಹೆಚ್ಚಾಗಿ ಮೋಸಹೋಗುವುದು ಸ್ಟ್ಯಾಂಡಿನಲ್ಲಿ. ನನ್ನ ಮೊದಲ ದೂರದರ್ಶಕದ ಮಸೂರ ಚೆನ್ನಾಗಿಯೇ ಇತ್ತು, ಕಾಲುಗಳು ಮಾತ್ರ ಕಡ್ಡಿಯಂಥವು. ಫೋಕಸ್ ತಿರುಪು ಮುಟ್ಟಿದರೆ ಸಾಕು, ಚಂದ್ರ ನೀರಿನಲ್ಲಿ ಬಿದ್ದ ಬಿಂಬದಂತೆ ತುಳುಕುತ್ತಿದ್ದ. ಅಂಗಡಿಯಲ್ಲಿ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಿ, ದೂರದ ಕಂಬವೊಂದಕ್ಕೆ ಗುರಿಯಿಟ್ಟು, ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ. ಎರಡು ಮೂರು ಸೆಕೆಂಡಿನೊಳಗೆ ನಡುಕ ನಿಲ್ಲಬೇಕು. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಮಾಡಿ.

ಓರೆಯಾಗಿ ತಿರುಗುವ, ಭಾರದ ಗುಂಡು ತೂಗುಬಿಟ್ಟ ಈಕ್ವಟೋರಿಯಲ್ ಸ್ಟ್ಯಾಂಡ್ ನೋಡಲು ಗಂಭೀರವಾಗಿರುತ್ತದೆ. ಅದನ್ನು ಧ್ರುವನಕ್ಷತ್ರದ ಕಡೆಗೆ ಹೊಂದಿಸಬೇಕು. ನಮ್ಮ ಜಿಲ್ಲೆಯಲ್ಲಿ ಧ್ರುವನಕ್ಷತ್ರ ಉತ್ತರ ದಿಗಂತದಿಂದ ಸುಮಾರು 14 ಡಿಗ್ರಿ ಮೇಲಷ್ಟೇ ಇರುತ್ತದೆ. ಕೈ ಚಾಚಿ ಹಿಡಿದ ಮುಷ್ಟಿಯಿಂದ ಅಳೆದರೆ ಒಂದೂವರೆ ಮುಷ್ಟಿ. ಅಷ್ಟು ಕೆಳಗೆ ಮಲೆನಾಡಿನಲ್ಲಿ ಕಾಣುವುದು ಕಾಡು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಸಾದಾ ಸ್ಟ್ಯಾಂಡೇ ನಮಗೆ ಸರಿ.

ಹತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಸಬೇಕೆಂದರೆ 70 ಮಿ.ಮೀ. ಮಸೂರದ ದೂರದರ್ಶಕ ತೆಗೆದುಕೊಳ್ಳಿ. ಇನ್ನಷ್ಟು ಹಾಕಬಲ್ಲವರಿಗೆ 130 ಮಿ.ಮೀ. ಕನ್ನಡಿಯ, ಮೇಜಿನ ಮೇಲಿಡುವ ಡಾಬ್ಸೋನಿಯನ್ (ಸಾದಾ ತಿರುಗುವ ಪೀಠದ ಮೇಲೆ ಕೂರುವ ಕನ್ನಡಿ ದೂರದರ್ಶಕ) ಇದೆ. ಅದು ಮೂರು ಪಟ್ಟಿಗಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಗಟ್ಟಿ ಸ್ಟೂಲೊಂದಿದ್ದರೆ ಸಾಕು. ಆದರೆ ಆಗಾಗ ಕನ್ನಡಿಗಳ ಜೋಡಣೆ ಸರಿಪಡಿಸುವುದನ್ನು ಕಲಿಯಬೇಕು.

ಎಚ್ಚರಿಕೆಯೊಂದನ್ನು ಮಕ್ಕಳಿರುವ ಮನೆಯಲ್ಲಿ ಮತ್ತೆ ಮತ್ತೆ ಹೇಳಿ: ಸೂರ್ಯನ ಕಡೆಗೆ ತಿರುಗಿಸಲೇಬಾರದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಐಪೀಸ್‌ಗೆ ತಿರುಪಿ ಹಾಕುವ ಪುಟ್ಟ ‘ಸೂರ್ಯನ ಫಿಲ್ಟರ್’ ಜೊತೆಗೆ ಬಂದಿದ್ದರೆ ಎಸೆಯಿರಿ. ಕಾವಿಗೆ ಅದು ಸೀಳಿಬಿಡಬಹುದು.

ನೋಡಲು ನಮಗೆ ಒದಗುವ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಕಣಿವೆಯಲ್ಲಿ ಮಂಜು ತುಂಬುವ ಮೊದಲೇ, ಮುಂರಾತ್ರಿಯಲ್ಲೇ ಹೊರಡಿ. ಮೊದಲಿಗೆ ಹುಣ್ಣಿಮೆಯ ಚಂದ್ರ ಬೇಡ, ಶುಕ್ಲಪಕ್ಷದ ಸಪ್ತಮಿ ಅಷ್ಟಮಿಯ ಅರ್ಧಚಂದ್ರನನ್ನು ನೋಡಿ. ಕತ್ತಲೂ ಬೆಳಕೂ ಕೂಡುವ ಅಂಚಿನಲ್ಲಿ ಕುಳಿಗಳ ನೆರಳು ಉದ್ದಕ್ಕೆ ಚಾಚಿರುತ್ತದೆ. ಒಂದು ಕುಳಿಯ ತಳ ಇನ್ನೂ ಕಪ್ಪಾಗಿದ್ದು, ನಡುವಿನ ಶಿಖರದ ತುದಿಗೆ ಮಾತ್ರ ಬಿಸಿಲು ತಾಗಿರುವುದನ್ನು ನಾನು ಮೊದಲ ಸಲ ಕಂಡ ರಾತ್ರಿ ಐಪೀಸ್‌ನಿಂದ ಕಣ್ಣು ಕೀಳಲಾಗಲಿಲ್ಲ. ನೀಹಾರಿಕೆಗಳಲ್ಲಿ, ಅಂದರೆ ಆಕಾಶದ ಅನಿಲ ಮತ್ತು ಧೂಳಿನ ಮೋಡಗಳಲ್ಲಿ, ಫೋಟೋದ ಬಣ್ಣ ಹುಡುಕಬೇಡಿ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆ ಕಾಣುವುದು ಬೂದುಬಣ್ಣದ ಹೊಗೆಯಂತೆ.

ಮಳೆಗಾಲಕ್ಕೆ ಮುಂಚೆ ಒಂದು ಕೆಲಸವಿದೆ. ಇಲ್ಲಿಯ ತೇವಕ್ಕೆ ಮಸೂರದ ಒಳಮೈಗೆ ಬೂಷ್ಟು ಹಿಡಿಯುತ್ತದೆ, ಜೇಡನ ಬಲೆಯ ಎಳೆಗಳಂತೆ. ಹಾಗೆ ಹಿಡಿದದ್ದು ಒರೆಸಿದರೆ ಹೋಗುವುದಿಲ್ಲ. ಮೇ ತಿಂಗಳ ಒಣ ದಿನವೊಂದರಲ್ಲಿ ದೂರದರ್ಶಕವನ್ನು ನೆರಳಿನಲ್ಲಿ ಗಾಳಿಗಿಟ್ಟು, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿಡಿ. ಬಟ್ಟೆಯ ಚೀಲದಲ್ಲಿ, ಚರ್ಮದ ಪೆಟ್ಟಿಗೆಯಲ್ಲಿ ಇಡಬೇಡಿ. ಮಳೆ ಹೊಳವಾದ ದಿನ ಡಬ್ಬ ತೆರೆದು ಪೊಟ್ಟಣ ಬದಲಿಸಿ.