ಎರಡು ತಗಡಿನ ನಡುವೆ ಕ್ರಯೋ: ನನ್ನ ಅನುಭವ

ದಾನಿಯ ರಕ್ತದ ಪ್ಲಾಸ್ಮಾವನ್ನು, ಅಂದರೆ ದ್ರವಭಾಗವನ್ನು, ಮಂಜುಗಟ್ಟಿಸಿ ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಕೂರುವುದೇ ಕ್ರಯೋ. ಅದರ ಒಂದು ಬ್ಯಾಗಿನಲ್ಲಿ, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ ಎಂಟು ಎಂಬ ಪ್ರೋಟೀನ್ 80 ಯೂನಿಟ್ ಮುಟ್ಟಲೇಬೇಕು. ನಮ್ಮ ಬ್ಲಡ್ ಬ್ಯಾಂಕಿನದು ವರ್ಷದಿಂದ 50, 55ರಲ್ಲೇ ನಿಂತಿತ್ತು. "ಬ್ಲಾಸ್ಟ್ ಫ್ರೀಜರ್ ಇಲ್ಲದೆ ಆಗುವ ಕೆಲಸ ಅಲ್ಲ ಸರ್, ಸುಮ್ನೆ ಪರೀಕ್ಷೆಯ ಕಿಟ್ ಹಾಳು ಮಾಡಬೇಡಿ" ಎಂದು ಜೊತೆಯವರೇ ಹೇಳಿದರು. ಪ್ಲಾಸ್ಮಾವನ್ನು ಬೇಗ ಗಟ್ಟಿಮಾಡುವ ಆ ಫ್ರೀಜರಿನ ಕೊಟೇಶನ್ ಹತ್ತು ಲಕ್ಷ ದಾಟಿತ್ತು. ಅದರ ಬದಲು ನಾನು ಅಲ್ಯೂಮಿನಿಯಂ ತಗಡಿಗೆ ಖರ್ಚು ಮಾಡಿದ್ದು ಸುಮಾರು 4,200 ರೂಪಾಯಿ. ಈಗ ಸರಾಸರಿ 95ರ ಆಸುಪಾಸು ಬರುತ್ತಿದೆ. ಕಳೆದ ಎಂಟು ತಿಂಗಳಲ್ಲಿ ಪರೀಕ್ಷೆ ಮಾಡಿದ ಮೂವತ್ತು ಚಿಲ್ಲರೆ ಬ್ಯಾಗಿನಲ್ಲಿ 80ಕ್ಕಿಂತ ಕೆಳಗಿದ್ದದ್ದು ಎರಡೋ ಮೂರೋ.

ಹಿಮೋಫಿಲಿಯಾ (ಫ್ಯಾಕ್ಟರ್ ಕೊರತೆಯಿಂದ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರಿಗೆ ಈಗ ಫ್ಯಾಕ್ಟರ್ ವಯಲ್ ಸಿಗುತ್ತದಲ್ಲ, ಇಷ್ಟು ಒದ್ದಾಟ ಯಾಕೆ ಎಂದು ಕೇಳುತ್ತಾರೆ. ವಯಲ್ ಮುಗಿದ ದಿನ ಮೊಣಕಾಲು ಊದಿಸಿಕೊಂಡು ಬಂದ ಹುಡುಗನನ್ನು ನೋಡಿದವರು ಹಾಗೆ ಕೇಳುವುದಿಲ್ಲ. 30 ಕೆ.ಜಿ. ಹುಡುಗನಿಗೆ ಫ್ಯಾಕ್ಟರ್ ಎಂಟನ್ನು 40 ಪರ್ಸೆಂಟ್ ಏರಿಸಲು 600 ಯೂನಿಟ್ ಬೇಕು. ನಮ್ಮ ಹಳೆಯ ಕ್ರಯೋದಲ್ಲಿ ಹನ್ನೊಂದು ಬ್ಯಾಗು, ಈಗ ಆರೇಳು. ಅಂದರೆ ನಾಲ್ಕು ದಾನಿಗಳ ರಕ್ತದ ಅಪಾಯ ಆ ಮಗುವಿಗೆ ಕಡಿಮೆ.

ಮೊದಲು ನನಗೆ ಅನುಮಾನ ಬಂದದ್ದು ದಾರಿಯಲ್ಲಿ ಆಗುವ ತಡದ ಮೇಲೆ. ನಮ್ಮ ರಕ್ತದಾನ ಕ್ಯಾಂಪುಗಳು ಸಾಗರ, ಹೊಸನಗರದ ಕಡೆ. ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಎರಡು ಗಂಟೆ ಹೋಗುತ್ತದೆ. ಹಾಗಾಗಿ ಗಾಡಿಯನ್ನು ದಿನಕ್ಕೆ ಎರಡು ಸಲ ಓಡಿಸಿದೆ. ಡೀಸೆಲ್ಲಿಗೆ ಕ್ಯಾಂಪಿಗೆ ಸಾವಿರದೆಂಟುನೂರು ಜಾಸ್ತಿ ಬಿತ್ತು. ಏರಿದ್ದು ಐದೇ ಯೂನಿಟ್.

ಆಮೇಲೆ ಒಂದು ದೊಡ್ಡ ತಪ್ಪು ಮಾಡಿದೆ. ಹಳೆಯ ವಿಧಾನದ ಬ್ಯಾಗುಗಳು ಬಹುಪಾಲು ಓ ಗುಂಪಿನವು, ಹೊಸದು ಬಿ ಗುಂಪಿನವು. ಅಂಕಿ ಏರಿತು ಎಂದು ಎಲ್ಲರಿಗೂ ಹೇಳಿಬಿಟ್ಟೆ. ಓ ಗುಂಪಿನವರಲ್ಲಿ ಫ್ಯಾಕ್ಟರ್ ಎಂಟು ಸಹಜವಾಗಿಯೇ ಕಾಲು ಭಾಗ ಕಡಿಮೆ, ಅಲ್ವಾ? ಒಂದು ತಿಂಗಳ ಕೆಲಸ ಹೋಯಿತು. ಡೆಫಿಶಿಯೆಂಟ್ ಪ್ಲಾಸ್ಮಾದ (ಪರೀಕ್ಷೆಗೆ ಬಳಸುವ, ಫ್ಯಾಕ್ಟರ್ ಎಂಟು ಇಲ್ಲದ ಪ್ಲಾಸ್ಮಾ) ಎರಡು ವಯಲ್ ಹೋದವು, ಒಂದೊಂದಕ್ಕೂ ಮೂರು ಸಾವಿರದ ಹತ್ತಿರ. ತೆರೆದ ವಯಲ್ ಕೆಲವೇ ಗಂಟೆ ಬಾಳುತ್ತದೆ. ಅದಕ್ಕೇ ಈಗ ಸ್ಯಾಂಪಲ್‌ಗಳನ್ನು ಮೈನಸ್ 80ರಲ್ಲಿ ಕೂಡಿಟ್ಟು ಒಂದೇ ದಿನ ಪರೀಕ್ಷೆ ಮಾಡುತ್ತೇನೆ. ಗುಂಪಿಗೆ ಗುಂಪನ್ನೇ ಹೋಲಿಸುತ್ತೇನೆ. 450 ಮಿ.ಲೀ. ರಕ್ತದ ಬ್ಯಾಗು ಮಾತ್ರ ಕ್ರಯೋಗೆ. 350ರದ್ದರಲ್ಲಿ ಪ್ಲಾಸ್ಮಾವೇ ಸಾಲುವುದಿಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಅವಧಿ ಮುಗಿದ ಪ್ಲಾಸ್ಮಾ ಬ್ಯಾಗಿನ ನಡುವೆ ತಾಪಮಾನದ ವೈರ್ ತೂರಿಸಿ ನೋಡಿದಾಗ. ನಾವು ಬ್ಯಾಗುಗಳನ್ನು ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಫ್ರೀಜರಿಗೆ ಹಾಕುತ್ತಿದ್ದೆವು. ಒಳಗಿನ ಪ್ಲಾಸ್ಮಾ ಮೈನಸ್ 30 ಮುಟ್ಟಲು ಮೂರೂವರೆ ಗಂಟೆ ಹಿಡಿಯಿತು! ಗಟ್ಟಿಯಾಗುವುದು ತಡವಾದಷ್ಟೂ ಫ್ಯಾಕ್ಟರ್ ಎಂಟು ಕಡಿಮೆಯಾಗುತ್ತದೆ. ಒಂದೇ ಪದರದಲ್ಲಿ ಮಲಗಿಸಿದರೂ ಎರಡು ಗಂಟೆ. ತಣ್ಣಗಿನ ಸ್ಪಿರಿಟ್‌ನಲ್ಲಿ ಮುಳುಗಿಸಿ ನೋಡಿದೆ. ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಯಿತು, ಆದರೆ ಲೇಬಲ್ಲಿನ ಶಾಯಿ ಅಳಿಸಿಹೋಯಿತು. ಮುಚ್ಚಿದ ಫ್ರೀಜರಿನೊಳಗೆ ಸ್ಪಿರಿಟ್ ಆವಿ ಅಂದರೆ ಬೆಂಕಿಗೆ ದಾರಿ. ಅದನ್ನು ಯಾರೂ ಮಾಡಬೇಡಿ.

ಕೊನೆಗೆ ಕಿಟಕಿ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಹತ್ತು ಕತ್ತರಿಸಿಸಿದೆ. ಅಂಚನ್ನು ಅರ ಹಾಕಿ ನುಣ್ಣಗೆ ಮಾಡಿಸಿದೆ. ತಗಡುಗಳು ರಾತ್ರಿಯಿಡೀ ಮೈನಸ್ 80ರಲ್ಲಿ. ಬೆಳಿಗ್ಗೆ ಪ್ರತಿ ಎರಡು ತಗಡಿನ ನಡುವೆ ಒಂದು ಬ್ಯಾಗು, ಚಪ್ಪಟೆಯಾಗಿ. ನಲವತ್ತು ನಿಮಿಷದಲ್ಲಿ ನಡುಭಾಗವೂ ಮೈನಸ್ 30.

ಆದರೂ ಮೊದಲ ಎಂಟು ಬ್ಯಾಗಿನಲ್ಲಿ ಐದು ಕರಗಿಸುವಾಗ ಮೂಲೆಯಲ್ಲಿ ಒಡೆದವು. ಟ್ಯೂಬಿಂಗ್ ಎತ್ತ ಮಡಚಬೇಕು, ತಗಡಿಗೂ ಬ್ಯಾಗಿಗೂ ನಡುವೆ ಏನು ಇಡಬೇಕು ಎಂಬುದನ್ನು ಕಲಿಯಲು ಎರಡು ತಿಂಗಳಾಯಿತು. ಅದನ್ನು ಬರೆಯುವುದಿಲ್ಲ. ನಮ್ಮಲ್ಲಿಗೆ ಬಂದರೆ ಕೈಯಾರೆ ಮಾಡಿ ತೋರಿಸುತ್ತೇನೆ. ಕರಗಿಸುವುದು ಎಂದಿನಂತೆ 4 ಡಿಗ್ರಿಯಲ್ಲಿ, ಸುಮಾರು ಹದಿನಾಲ್ಕು ಗಂಟೆ. ಬ್ಯಾಗಿನಲ್ಲಿ ಚೂರು ಐಸ್ ಉಳಿದಿರುವಾಗಲೇ ಸೆಂಟ್ರಿಫ್ಯೂಜಿಗೆ ಹಾಕಿ. ತಡವಾಗಿ ಬಿಸಿ ಏರಿದರೆ ಕೆಳಗೆ ಕೂತದ್ದು ಮತ್ತೆ ಕರಗಿ ಹೋಗುತ್ತದೆ.

ಗಾಡಿ ಓಡಿಸಿದ ದಿನಗಳಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪೆಟ್ಟಿಗೆಯ ತಳದಲ್ಲಿ ಐಸ್‌ಗೆ ನೇರ ತಾಗುತ್ತಿದ್ದ ಬ್ಯಾಗುಗಳಲ್ಲೇ ಮೇಲಿನ ಪ್ಲಾಸ್ಮಾ ಕೆಂಪಾಗುತ್ತಿತ್ತು. ನಡುವೆ ದಪ್ಪ ರಟ್ಟು ಇಟ್ಟೆ. ಕೂಡಿಟ್ಟ ಕೆಂಪು ಕಣಗಳಲ್ಲಿ 35ನೇ ದಿನದ ಹಿಮಾಲಿಸಿಸ್, ಅಂದರೆ ಕಣ ಒಡೆಯುವುದು, 0.7ರಿಂದ 0.3 ಪರ್ಸೆಂಟಿಗೆ ಇಳಿಯಿತು. ಪ್ಲೇಟ್‌ಲೆಟ್ ಮಾಡುವ ಬ್ಯಾಗಿಗಂತೂ ಐಸೇ ಬೇಡ, ಅದು 20ರಿಂದ 24 ಡಿಗ್ರಿಯಲ್ಲೇ ಬರಬೇಕು.

ಈಗ ಇರುವ ತೊಂದರೆ ಒಂದೇ. ಒಮ್ಮೆ ಬಳಸಿದ ತಗಡು ಮತ್ತೆ ತಣ್ಣಗಾಗಲು ಐದಾರು ಗಂಟೆ ಬೇಕು. ಮಧ್ಯಾಹ್ನದ ಬ್ಯಾಗುಗಳಿಗೆ ತಗಡು ಸಿಗುವುದಿಲ್ಲ. ಇನ್ನೂ ಹತ್ತಕ್ಕೆ ಅದೇ ಅಂಗಡಿಯಲ್ಲಿ ಹೇಳಿದ್ದೇನೆ.