ಬುಗಾಟಿ 100ಪಿ ವಿಮಾನದ ಮಾಡೆಲ್ ಮಾಡಿದ ನನ್ನ ಅನುಭವ

ಬುಗಾಟಿ ಅಂದ್ರೆ ಎಲ್ರಿಗೂ ಕಾರೇ ನೆನಪಾಗೋದು, ಆದ್ರೆ ಆ ಕಂಪನಿ ಕಟ್ಟಿದ ಎತ್ತೋರೆ ಬುಗಾಟಿ 1938ರಲ್ಲಿ ಪ್ಯಾರಿಸ್‌ನಲ್ಲಿ ಒಂದು ರೇಸ್ ವಿಮಾನಾನೂ ಕಟ್ಟಿಸೋಕೆ ಶುರು ಮಾಡಿದ್ರು, ಡಿಸೈನ್ ಬೆಲ್ಜಿಯಂನ ಇಂಜಿನಿಯರ್ ಲೂಯಿ ದ ಮೋಂಜ್ ಅವರದ್ದು. ಕಟ್ಟಿದ್ದು ಒಂದೇ ಒಂದು. ಅದ್ರದ್ದು 1:8 ಮಾಡೆಲ್ ನಾನು ಮನೇಲೇ ಮಾಡಿದೆ, ರೆಕ್ಕೆ ತುದಿಯಿಂದ ತುದಿಗೆ ಒಂದ್ ಮೀಟರ್ ಚಿಲ್ಲರೆ ಬಂತು. ಹಾರಿಸೋಕಲ್ಲ, ಒಳಗಿನ ಕೆಲಸ ಹೆಂಗೆ ಅಂತ ಕೈಯಾರೆ ಮಾಡಿ ನೋಡ್ಬೇಕಿತ್ತು.

ಬಾಡಿ ಕಷ್ಟ ಆಗ್ಲಿಲ್ಲ. ಒರಿಜಿನಲ್‌ನಲ್ಲೂ ಬಾಲ್ಸಾ ಅನ್ನೋ ತುಂಬಾ ಹಗುರ ಮರ ಮತ್ತೆ ಗಟ್ಟಿ ಮರದ ಪದರಗಳನ್ನ ಅಂಟಿಸೇ ಮಾಡಿದ್ದು, ನಾನೂ ಹಂಗೇ ಅಂಟಿಸಿ ಉಜ್ಜಿದೆ.

ನಿಜವಾದ ಕೆಲಸ ಇದ್ದಿದ್ದು ಶಾಫ್ಟ್‌ನಲ್ಲಿ, ಅಂದ್ರೆ ಇಂಜಿನ್ ಶಕ್ತೀನ ಪ್ರೊಪೆಲ್ಲರ್‌ಗೆ ಮುಟ್ಟಿಸೋ ತಿರುಗೋ ರಾಡ್‌ನಲ್ಲಿ. ಮೂತಿ ಸಣ್ಣಗಿರ್ಲಿ ಅಂತ ಎರಡು ಇಂಜಿನ್‌ನೂ ಪೈಲಟ್ ಹಿಂದೆ ಒಂದರ ಹಿಂದೆ ಒಂದು ಇಟ್ಟಿದ್ದಾರೆ, ಒಂದೊಂದೂ ಸುಮಾರು 450 ಹಾರ್ಸ್‌ಪವರ್, ಅಲ್ಲಿಂದ ಎರಡು ಶಾಫ್ಟ್ ಪೈಲಟ್‌ನ ಎಡಕ್ಕೊಂದು ಬಲಕ್ಕೊಂದು ಹಾದು ಮುಂದೆ ಗೇರ್‌ಬಾಕ್ಸ್ ಸೇರಿ ಎರಡು ಪ್ರೊಪೆಲ್ಲರ್‌ನ ಒಂದಕ್ಕೊಂದು ಉಲ್ಟಾ ತಿರುಗಿಸ್ತವೆ. ನಾನು ಸಣ್ಣ ಡಿಸಿ ಮೋಟಾರ್ ಎರಡು, 3 ಎಂಎಂ ಸ್ಟೀಲ್ ರಾಡ್, ಮುಂದೆ ಹಿತ್ತಾಳೆ ಪೈಪ್ ಒಳಗೆ ಇನ್ನೊಂದು ರಾಡ್ ಹಾಕಿದೆ. ಬೇರಿಂಗ್ ಎರಡು ತುದಿಗೆ ಮಾತ್ರ ಕೊಟ್ಟಿದ್ದೆ, ಅದೇ ತಪ್ಪಾಯ್ತು. ಸ್ಪೀಡ್ ಏರಿಸಿದ ತಕ್ಷಣ ರಾಡ್ ನಡುವೆ ಬಿಲ್ಲಿನ ಥರ ಬಾಗಿ ಅದುರಿ ಸೀಟ್ ಪಕ್ಕದ ಬಾಲ್ಸಾ ಸೀಳೇ ಹೋಯ್ತು. ಆಮೇಲೆ ಸೀಟ್ ಪಕ್ಕದಲ್ಲೇ ಒಂದೊಂದು ಬೇರಿಂಗ್ ಕೂರಿಸಿದ್ಮೇಲೆ ಸುಮ್ಮನಾಯ್ತು. ಮೊಣಕೈ ಪಕ್ಕದಲ್ಲಿ ಇಷ್ಟು ಪವರ್ ತಿರುಗ್ತಿರುವಾಗ ಮನುಷ್ಯ ಕೂತು ಹಾರ್ಬೇಕಿತ್ತಲ್ಲ ಅಂತ ಆವತ್ತು ಮೈ ಜುಂ ಅಂತು.

ಆ ಒರಿಜಿನಲ್ ವಿಮಾನ ಹಾರ್ಲೇ ಇಲ್ಲ. 1939ರ ರೇಸ್‌ಗೆ ರೆಡಿ ಆಗ್ಲಿಲ್ಲ, 1940ರ ಜೂನ್‌ನಲ್ಲಿ ಜರ್ಮನ್ನರು ಬಂದಾಗ ಪ್ಯಾರಿಸ್‌ನಿಂದ ಸಾಗಿಸಿ ಹಳ್ಳಿ ಕಡೆ ಬಚ್ಚಿಟ್ರು. ಈಗ ಅಮೆರಿಕದ ಆಷ್‌ಕಾಷ್ ಊರಿನ ವಿಮಾನ ಮ್ಯೂಸಿಯಂನಲ್ಲಿದೆ.

ನಂಗೆ ತುಂಬಾ ಇಷ್ಟ ಆಗಿದ್ದು ಇಂಜಿನ್ ಕೂಲಿಂಗ್. ಗಾಳಿ ಬಾಲದ ರೆಕ್ಕೆಗಳ ಮುಂದಿನ ಅಂಚಲ್ಲಿ ಒಳಗೆ ಹೋಗಿ, ಅಲ್ಲೇ ತಿರುಗಿ, ಹಿಂದಿಂದ ಮುಂದಕ್ಕೆ ರೇಡಿಯೇಟರ್ ದಾಟಿ ಮುಖ್ಯ ರೆಕ್ಕೆ ಹಿಂದಿನ ಅಂಚಲ್ಲಿ ಹೊರಗೆ ಬರುತ್ತೆ. ಒಳಗೆ ಡ್ರಾಯಿಂಗ್ ಶೀಟ್‌ನಲ್ಲಿ ದಾರಿ ಮಾಡಿ, ಹಳೇ ಕಂಪ್ಯೂಟರ್ ಫ್ಯಾನ್ ಒಂದಿಟ್ಟು, ರಾತ್ರಿ ಬಾಲದ ಹತ್ರ ಊದುಬತ್ತಿ ಹಿಡಿದೆ. ಹೊಗೆ ಒಳಗೆ ಹೋಯ್ತು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ರೆಕ್ಕೆ ಬುಡದಲ್ಲಿ ತೆಳ್ಳಗೆ ಎಳೆ ಎಳೆಯಾಗಿ ಹೊರಗೆ ಬಂತು, ಬತ್ತಿ ಮುಗಿಯೋ ತನಕ ನೋಡ್ತಾ ಕೂತಿದ್ದೆ.