ಊರಿನ ವೀರಗಲ್ಲಿನ ಕಥೆಯನ್ನು ಬರೆದಿಡುವ ಬಗೆ

ಕರ್ನಾಟಕದ ಹಳೆಯ ಊರುಗಳಲ್ಲಿ ದೇವಸ್ಥಾನದ ಹಿತ್ತಿಲಲ್ಲೋ ಕೆರೆಯ ಏರಿಯ ಮೇಲೋ ವೀರಗಲ್ಲುಗಳು, ಅಂದರೆ ಹೋರಾಡಿ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳು, ನಿಂತಿರುವುದನ್ನು ಕಾಣಬಹುದು. ಅಂಥ ಕಲ್ಲೊಂದರ ಕಥೆಯನ್ನು ದಾಖಲಿಸಲು ಹೊರಟವರು ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ ಇರುತ್ತಾರೆ. ಕಾಳಗದ ಜೊತೆಗೆ ದನಗಳನ್ನೂ ಕೆತ್ತಿದ್ದರೆ ಅದು ಬಹುಮಟ್ಟಿಗೆ ತುರುಗೋಳಿನ, ಅಂದರೆ ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸುವಾಗ ಸತ್ತವನ ನೆನಪು. ಬಳೆ ತೊಟ್ಟು ಮೇಲೆತ್ತಿದ ಕೈ ಕಂಡರೆ ಅದು ಮಾಸ್ತಿಗಲ್ಲು, ಅಂದರೆ ಸಹಗಮನ ಮಾಡಿದ ಹೆಣ್ಣಿನ ನೆನಪಿನ ಕಲ್ಲು.

ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಅಕ್ಷರ ಕಾಣಲೆಂದು ಬಣ್ಣ ಬಳಿಯುವುದು, ತಂತಿಯ ಬ್ರಷ್‌ನಿಂದ ಉಜ್ಜುವುದು ಖಂಡಿತ ಕೂಡದು. ಸಾವಿರ ವರ್ಷ ಉಳಿದದ್ದನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿದಂತಾಗುತ್ತದೆ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಪೂಜಾರಿಯವರ ಒಪ್ಪಿಗೆ ಪಡೆದೇ ಮುಟ್ಟಬೇಕು. ಬರಹವಿದ್ದಲ್ಲಿ, ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಲಾರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗವನ್ನು ತೆರೆದು, ಅದು ಈಗಾಗಲೇ ಓದಲಾದ ಶಾಸನವೇ ಎಂಬುದನ್ನು ನೋಡಿರಿ. ಶಾಸನದಲ್ಲಿ ಬರೆದ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸುಮಾರಾಗಿ ದೊರೆಯುತ್ತದೆ. ಸಂವತ್ಸರದ ಹೆಸರನ್ನೂ ಹೊಂದಿಸಿ ನೋಡದೆ ವರ್ಷವನ್ನು ಖಚಿತವೆಂದು ಬರೆಯಬಾರದು.

ಅತ್ಯಂತ ಎಚ್ಚರ ಬೇಕಾದದ್ದು ಊರವರ ಮಾತನ್ನು ಕೇಳುವಾಗ. “ಇದು ಯುದ್ಧದಲ್ಲಿ ಸತ್ತವನದ್ದಲ್ಲವೇ ಅಜ್ಜ?” ಎಂದು ಉತ್ತರವನ್ನು ನಾವೇ ಒದಗಿಸದೆ, “ಈ ಕಲ್ಲನ್ನು ನೀವು ಏನೆಂದು ಕರೀತೀರಿ?” ಎಂದು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ನಾಯಿಗೂ ಕಲ್ಲು ನಿಲ್ಲಿಸಿದ್ದರು ಎಂದು ಯಾರಾದರೂ ಹೇಳಿದರೆ ಕಟ್ಟುಕಥೆಯೆಂದು ತಳ್ಳಿಹಾಕಬೇಡಿ: ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅಂಥದ್ದೇ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, ಗಂಗರ ದೊರೆ ಬೂತುಗನ ಬಂಟನಾದ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆ ಕಾಳಗದ ಕೆತ್ತನೆ ಕಲ್ಲಿನ ಮೇಲೆಯೇ ಇದೆ.

ಆದರೆ ಎಲ್ಲ ಊರುಗಳಲ್ಲಿಯೂ ಕಲ್ಲಿನ ಮಾತು, ಜನರ ಮಾತು ಹೀಗೆ ಕೂಡಿ ಬರುವುದಿಲ್ಲ. ಆಗ ಒಂದನ್ನು ಇನ್ನೊಂದಕ್ಕೆ ಬಗ್ಗಿಸದೆ ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದು, ಹೇಳಿದವರ ವಯಸ್ಸು, ಕೇಳಿದ ದಿನ, ಕಲ್ಲಿನ ಅಳತೆ ಮತ್ತು ಅದನ್ನು ಬೇರೆಡೆಯಿಂದ ತಂದು ನೆಟ್ಟಿದ್ದರೆ ಮೂಲ ಜಾಗವನ್ನು ನಮೂದಿಸಿ, ಅದರ ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿರಿ.